ಕಾರಿನ ಬ್ಯಾಟರಿಯಿಂದ ಸೋರಿದ ಆಸಿಡ್ ಒಣಗಿದೆ, ಒರೆಸಿದರೆ ಸಾಕೇ?

ಚಿತ್ರದುರ್ಗದಿಂದ ನೀವು ಕೇಳಿದ್ದು ಇಷ್ಟು: ಬ್ಯಾಟರಿ ಸೋರಿ ಕೆಳಗಿನ ಟ್ರೇ ಮೇಲೆ ಬಿಳಿ ಪುಡಿ ಕಟ್ಟಿದೆ, ಈಗ ಒಣಗಿದೆ, ಬಟ್ಟೆಯಿಂದ ಒರೆಸಿದರೆ ಸಾಕೇ, ಬೇರೇನಾದರೂ ಕೆಟ್ಟಿದ್ದರೆ ತಿಳಿಯುವುದು ಹೇಗೆ?

ಒರೆಸಿದರೆ ಸಾಲದು. ಬ್ಯಾಟರಿಯಲ್ಲಿರುವುದು ನೀರು ಬೆರೆಸಿದ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್. ಪೂರ್ತಿ ಚಾರ್ಜ್ ಆಗಿರುವಾಗ ತೂಕದಲ್ಲಿ ಸುಮಾರು ಶೇ 35ರಷ್ಟು ಆಮ್ಲವೇ ಇರುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಆಮ್ಲ ಆವಿಯಾಗುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಟ್ರೇ ಸಂದಿಯಲ್ಲಿ ಅದು ಇನ್ನಷ್ಟು ಗಟ್ಟಿಯಾಗಿ ಕುಳಿತಿರುತ್ತದೆ.

ಇದನ್ನು ನಾನು ಕಾರು ಹಾಳು ಮಾಡಿಕೊಂಡು ಕಲಿತೆ. ದಾವಣಗೆರೆಯ ಏಪ್ರಿಲ್ ಬಿಸಿಲು ನಿಮಗೂ ಗೊತ್ತು. ಅಂಥ ದಿನಗಳಲ್ಲಿ ಕೆಲಸಕ್ಕಾಗಿ ವಾರಕ್ಕೆ ನಾಲ್ಕು ಬಾರಿ ಹೆದ್ದಾರಿಯಲ್ಲಿ ನಿಮ್ಮೂರಿಗೆ ಬಂದು ಹೋಗುತ್ತಿದ್ದೆ, ಒಂದು ಕಡೆಗೆ ಸುಮಾರು 60 ಕಿ.ಮೀ. ಬ್ಯಾಟರಿಯ ಮುಚ್ಚಳಗಳ ಸುತ್ತ ಒದ್ದೆ ಕಂಡಾಗಲೆಲ್ಲ ಒರೆಸಿ ಬಾನೆಟ್ ಮುಚ್ಚಿದೆ. ಮಳೆಗಾಲದ ಹೊತ್ತಿಗೆ ಟ್ರೇ ಕೈಯಲ್ಲಿ ಹಪ್ಪಳದಂತೆ ಮುರಿಯಿತು. ಅದರ ಕೆಳಗಿನ ಚಾಸಿಸ್ ತಗಡು ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿತ್ತು. ಬೆಸುಗೆ ಹಾಕಿಸಲು ಖರ್ಚಾದ ಹಣದಲ್ಲಿ ಎರಡು ಹೊಸ ಬ್ಯಾಟರಿ ಬರುತ್ತಿದ್ದವು.

ನೀವು ಇವತ್ತೇ ಶುರು ಮಾಡಿ. ರಬ್ಬರ್ ಕೈಗವಸು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಹಾಳಾದರೂ ಪರವಾಗಿಲ್ಲ ಎನ್ನುವ ಬಟ್ಟೆ ಬೇಕು. ಗಾಳಿಯಾಡುವ ಜಾಗವಿರಲಿ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯುತ್ತದೆ. ಎಂಜಿನ್ ನಿಲ್ಲಿಸಿ ಮೊದಲು ನೆಗೆಟಿವ್ ವೈರ್, ಆಮೇಲೆ ಪಾಸಿಟಿವ್ ಬಿಚ್ಚಿ. ಜೋಡಿಸುವಾಗ ಇದೇ ತಿರುವುಮುರುವು. ಬಿಳಿ ಪುಡಿಯಲ್ಲಿ ಸೀಸವಿರಬಹುದು, ಒಣಗಿದಂತೆಯೇ ಉಜ್ಜಿ ಹಾರಿಸಬೇಡಿ, ಬಾಯಿಂದ ಊದಲೂ ಬೇಡಿ.

ಬ್ಯಾಟರಿಯನ್ನು ವಾಲಿಸದೆ ನೇರವಾಗಿ ಎತ್ತಿ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಇಡಿ. ಮಂಡಕ್ಕಿಯ ಜೊತೆಗಿನ ಮಿರ್ಚಿಗೆ ಹಾಕುವ ಅದೇ ಅಡುಗೆ ಸೋಡಾ ಇಲ್ಲಿ ಮದ್ದು. ಒಂದು ಲೀಟರ್ ನೀರಿಗೆ ನಾಲ್ಕೈದು ಚಮಚ ಕಲಸಿ ಟ್ರೇ, ಕ್ಲಾಂಪು, ಕೆಳಗಿನ ತಗಡಿನ ಮೇಲೆ ನಿಧಾನವಾಗಿ ಸುರಿಯಿರಿ. ಆಸಿಡ್ ಇದ್ದಲ್ಲೆಲ್ಲ ನೊರೆ ಉಕ್ಕುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಂದಿಗಳನ್ನು ಉಜ್ಜಿ, ಹೊಸದಾಗಿ ಸುರಿದರೂ ನೊರೆ ಏಳದಿರುವ ತನಕ ಮುಂದುವರಿಸಿ, ಬಳಿಕ ಸಾಕಷ್ಟು ನೀರಿನಿಂದ ತೊಳೆಯಿರಿ. ಬ್ಯಾಟರಿಯ ಹೊರಮೈಯನ್ನೂ ಸೋಡಾ ನೀರಿನಲ್ಲಿ ಒರೆಸಿ. ಆದರೆ ಮುಚ್ಚಳಗಳು ಬಿಗಿಯಾಗಿರಲಿ; ಸೋಡಾ ಒಳಗೆ ಇಳಿದರೆ ಅಲ್ಲಿರುವ ಆಸಿಡ್ ಸತ್ತು ಬ್ಯಾಟರಿಯೇ ಕೆಡುತ್ತದೆ.

ಮೈಮೇಲೆ ಆಸಿಡ್ ಬಿದ್ದರೆ ಸೋಡಾ ಹುಡುಕುತ್ತಾ ನಿಲ್ಲಬೇಡಿ, ಹರಿಯುವ ನೀರು ಹಿಡಿಯಿರಿ. ಕಣ್ಣಿಗಾದರೆ ರೆಪ್ಪೆ ತೆರೆದು ಹಿಡಿದು ಕನಿಷ್ಠ 15–20 ನಿಮಿಷ ನೀರು ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ.

ಇನ್ನು ಏನೇನು ಕೆಟ್ಟಿದೆ ಎಂದು ನೋಡುವುದು. ಆಸಿಡ್ ಕೆಳಕ್ಕೆ ಇಳಿದ ದಾರಿಯನ್ನೇ ಟಾರ್ಚ್ ಹಿಡಿದು ಹಿಂಬಾಲಿಸಿ. ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು ಹಿಡಿದಿದೆ ಎಂದೇ ಅರ್ಥ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿ, ತಗಡು ಮೆತ್ತಗಾಗಿದೆಯೇ ತಿಳಿಯುತ್ತದೆ. ಗಟ್ಟಿಯಾಗಿದ್ದರೆ ಉಜ್ಜಿ ಪ್ರೈಮರ್, ಬಣ್ಣ ಹಚ್ಚಿದರೆ ಮುಗಿಯಿತು. ಆ ದಾರಿಯಲ್ಲಿ ಬ್ರೇಕ್ ಪೈಪ್ ಇದ್ದು ಅದರ ಮೇಲೆ ಗುಳಿಗಳು ಕಂಡರೆ ಮಾತ್ರ ಕಾರನ್ನು ಓಡಿಸದೆ ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ. ವೈರ್‌ಗಳನ್ನು ಬಗ್ಗಿಸಿ ನೋಡಿ. ಟರ್ಮಿನಲ್ ಹತ್ತಿರ ಬಿರುಸಾಗಿದ್ದರೆ, ತಾಮ್ರದ ಎಳೆಗಳು ಹಸಿರು ಅಥವಾ ಕಪ್ಪಾಗಿದ್ದರೆ ಹೊಸದು ಹಾಕಿಸಿ. ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ವೈರನ್ನು ಮರೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಸೋರಿದ್ದು ಏಕೆ ಎಂದು ತಿಳಿಯದೆ ಹೊಸ ಬ್ಯಾಟರಿ ಕೊಳ್ಳಬೇಡಿ. ನಾನು ಕೊಂಡೆ, ಎರಡೇ ತಿಂಗಳಲ್ಲಿ ಅದೂ ಉಕ್ಕಿತು. ಕಾರಣ ಬ್ಯಾಟರಿಯಲ್ಲಿ ಇರಲಿಲ್ಲ, ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ನಲ್ಲಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿತ್ತು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಅತಿಯಾಗಿ ಚಾರ್ಜ್ ಆಗಿ ಆಸಿಡ್ ಕುದಿದಂತೆ ಹೊರಬರುತ್ತಿತ್ತು. ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಇದನ್ನು ಐದು ನಿಮಿಷದಲ್ಲಿ ಕಂಡುಕೊಳ್ಳಬಹುದು. ಕೆಲವು ಗಂಟೆ ನಿಂತ ಕಾರಿನಲ್ಲಿ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಅರ್ಧ ಚಾರ್ಜ್. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. ವೇಗ ಹೆಚ್ಚಿಸಿದಾಗ 15 ದಾಟಿದರೆ ಆಟೊ ಎಲೆಕ್ಟ್ರಿಷಿಯನ್ ಬಳಿಗೆ ಹೋಗಿ.

ಈ ಅಂಕಿಗಳು ಸರಿಯಿದ್ದರೆ ಬ್ಯಾಟರಿಯೊಳಗಿನ ನೀರು ಗುರುತಿನ ಗೆರೆ ಮೀರಿದೆಯೇ ನೋಡಿ. ಬೇಸಿಗೆಯಲ್ಲಿ ತುಂಬಾ ಮೇಲಕ್ಕೆ ತುಂಬಿದರೂ ಉಕ್ಕುತ್ತದೆ. ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕಡೆಯ ಕೊಳವೆಬಾವಿ ನೀರು ಪಾತ್ರೆಯ ತಳದಲ್ಲೇ ಬಿಳಿ ಗಟ್ಟಿ ಕಟ್ಟುತ್ತದೆ, ಅದನ್ನು ಬ್ಯಾಟರಿಗೆ ಹಾಕಬಾರದು. ಡಬ್ಬವೇ ಬಿರುಕು ಬಿಟ್ಟಿದ್ದರೆ ಅಂಟು ಹಚ್ಚುವ ಪ್ರಯತ್ನ ಬೇಡ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಡಿ, ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತಾರೆ. ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಕಳುಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ನೂರಿನ್ನೂರು ಹೆಚ್ಚು ಸಿಗುತ್ತದೆಂದು ಗುಜರಿಗೆ ಹಾಕಿದರೆ ಒಳಗಿನ ಆಸಿಡ್ ಯಾವುದೋ ಬೀದಿಯ ಚರಂಡಿಗೆ ಬೀಳಬಹುದು.