ಅಂಗಳದ ಪ್ರಶ್ನೆ: ಡೆಟ್ರಾಯಿಟ್‌ನ 28 ಸೋಲು

ಹೋದ ಸಂಚಿಕೆಯಲ್ಲಿ ಅಮೆರಿಕದ ಎನ್‌ಬಿಎ ತಂಡ ಡೆಟ್ರಾಯಿಟ್ ಪಿಸ್ಟನ್ಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. 2023-24ರ ಸೀಸನ್‌ನಲ್ಲಿ 82 ಪಂದ್ಯ ಆಡಿ 68 ಸೋತ, ಅದರಲ್ಲೂ 28 ಪಂದ್ಯ ಸಾಲಾಗಿ ಸೋತ ಬ್ಯಾಸ್ಕೆಟ್‌ಬಾಲ್ ತಂಡ ಅದು. ಗೆದ್ದವರ ಬಗ್ಗೆ ಬರೆದಾಗ ಬಾರದಷ್ಟು ಪತ್ರ ಇದಕ್ಕೆ ಬಂದಿವೆ. ಹಾಗಾಗಿ ಈ ಸಲ ಮೊಣಕಾಲು ನೋವು, ಶೂ ಸೈಜು, ಎತ್ತರ ಜಾಸ್ತಿ ಮಾಡಿಕೊಳ್ಳೋದು ಹೇಗೆ ಅನ್ನೋ ಪ್ರಶ್ನೆಗಳೆಲ್ಲ ಕಾಯಲಿ.

ಪ್ರಶ್ನೆ: ಮೇಷ್ಟ್ರೇ, ಆ ಡಿಸೆಂಬರ್‌ನಲ್ಲಿ ಮಗನನ್ನು ಕರಕೊಂಡು ಡೆಟ್ರಾಯಿಟ್ ಸ್ಟೇಡಿಯಂಗೆ ಹೋಗಿದ್ದೆ. ಸುತ್ತ ಕೂತವರೆಲ್ಲ ಎದ್ದು ನಿಂತು, ತಂಡವನ್ನು ಮಾರಿಬಿಡಿ ಅಂತ ಮಾಲೀಕರಿಗೆ ಕೇಳೋ ಹಾಗೆ ಕೂಗಿದರು. ಒಳ್ಳೆ ಹುಡುಗರು ಸಿಗಲಿ ಅಂತ ಬೇಕಂತಲೇ ಸೋಲ್ತಾರೆ ಅಂತ ನಮ್ಮ ಆಫೀಸಿನಲ್ಲಿ ಹೇಳ್ತಾರೆ. ನಿಜವಾ? ಮಗನಿಗೆ ಏನು ಹೇಳಲಿ?
— ಓದುಗರು, ನೋವೈ, ಮಿಷಿಗನ್

ಉತ್ತರ: ನಿಮ್ಮ ಆಫೀಸಿನವರ ಮಾತು ಬೇರೆ ತಂಡಗಳ ಮಟ್ಟಿಗೆ ನಿಜ. ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ 2013ರಿಂದ ಅದನ್ನೇ ಮಾಡಿತು. ಸ್ಯಾಮ್ ಹಿಂಕಿ ಅನ್ನೋ ಮ್ಯಾನೇಜರ್ ಕೈಲಿದ್ದ ಒಳ್ಳೆ ಆಟಗಾರರನ್ನು ಕೊಟ್ಟು, ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳನ್ನು ಕೂಡಿಹಾಕಿದರು. ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳೋದು, ಅದರಲ್ಲಿ ಸೋತವರಿಗೆ ಅನುಕೂಲ ಜಾಸ್ತಿ. ಮೂರು ಸೀಸನ್‌ಗೆ ಗೆಲುವು 19, 18, 10. ಅದು ಲೆಕ್ಕ ಹಾಕಿ ಸೋತ ಸೋಲು. ಅಷ್ಟು ಮಾಡಿ ದಕ್ಕಿದ್ದೇನು? ಜೋಯೆಲ್ ಎಂಬೀಡ್ ಅನ್ನೋ ಒಬ್ಬ ದೊಡ್ಡ ಆಟಗಾರ ಸಿಕ್ಕಿದ. 2018ರಿಂದ 2024ರ ತನಕ ವರ್ಷಾ ವರ್ಷಾ ಪ್ಲೇಆಫ್‌ಗೆ ಬಂದರು, ಎರಡನೇ ಸುತ್ತು ಮಾತ್ರ ದಾಟಲಿಲ್ಲ.

ಡೆಟ್ರಾಯಿಟ್ ಕಥೆ ಬೇರೆ. ಆ ವರ್ಷ ಅವರು ಗೆಲ್ಲಬೇಕು ಅಂತಲೇ ಹೊರಟಿದ್ದರು. ಸೋಲಬೇಕು ಅನ್ನೋ ಮಾಲೀಕ ಒಬ್ಬ ಕೋಚ್‌ಗೆ ಆರು ವರ್ಷಕ್ಕೆ 7.85 ಕೋಟಿ ಡಾಲರ್ ಬರೆದುಕೊಡ್ತಾನಾ? ಆಗಿನ ಲೆಕ್ಕಕ್ಕೆ ಅದು 640 ಕೋಟಿ ರೂಪಾಯಿ ದಾಟುತ್ತೆ. ಹಾಗೆ ಬಂದವರು ಮಾಂಟಿ ವಿಲಿಯಮ್ಸ್, 2021ರಲ್ಲಿ ಫೀನಿಕ್ಸ್ ತಂಡವನ್ನು ಫೈನಲ್‌ಗೆ ಮುಟ್ಟಿಸಿದವರು. ಶುರುವೂ ಕೆಟ್ಟದಿರಲಿಲ್ಲ. ಮೊದಲ ಮೂರು ಪಂದ್ಯದಲ್ಲಿ ಎರಡು ಗೆದ್ದರು. ಅಕ್ಟೋಬರ್ 30ಕ್ಕೆ ಒಕ್ಲಹೋಮ ಸಿಟಿ ಎದುರು ಸೋತರು. ಆಮೇಲಿನ ಗೆಲುವು ಡಿಸೆಂಬರ್ 30ಕ್ಕೆ. ನಡುವೆ ದೀಪಾವಳಿ ಬಂತು, ಕ್ರಿಸ್‌ಮಸ್ ಬಂತು, ಗೆಲುವು ಬರಲಿಲ್ಲ.

ಕಾರಣ ಅಂಗಳದಲ್ಲೇ ಕಾಣುತ್ತಿತ್ತು. ಕೇಡ್ ಕನಿಂಗ್‌ಹ್ಯಾಮ್ ಅಂತ ಒಬ್ಬ ಹುಡುಗ, 2021ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿಕೊಂಡವನು. ಚೆಂಡು ಸದಾ ಅವನ ಕೈಯಲ್ಲಿ. ಅವನು ರಿಂಗ್ ಕಡೆ ನುಗ್ಗುತ್ತಾನೆ. ಅಲ್ಲಿ ಎದುರು ತಂಡದ ಮೂವರು ಕಾದು ನಿಂತಿದ್ದಾರೆ. ಇವನ ಜೊತೆಗಾರ ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದಾನೆ, ಅವನನ್ನು ಕಾಯೋರೇ ಇಲ್ಲ. ದೂರದಿಂದ ಹೊಡೆಯೋಕೆ ಅವನಿಗೆ ಬರಲ್ಲ ಅಂತ ಎಲ್ಲರಿಗೂ ಗೊತ್ತು. ಕೇಡ್ ಪಾಸ್ ಕೊಟ್ಟರೆ ಆ ಹುಡುಗ ಚೆಂಡು ಹಿಡಿದು, ರಿಂಗ್ ನೋಡಿ, ಅನುಮಾನಿಸಿ, ಮತ್ತೆ ಕೇಡ್‌ಗೇ ವಾಪಸ್ ಕೊಡ್ತಾನೆ. ಅಷ್ಟೊತ್ತಿಗೆ ಶಾಟ್ ಹೊಡೆಯೋಕೆ ಕೊಡೋ 24 ಸೆಕೆಂಡಿನ ಗಡಿಯಾರ ಮುಗಿಯೋಕೆ ಬಂದಿರುತ್ತೆ. ಆಸಾರ್ ಥಾಂಪ್ಸನ್ ನೋಡಿ. ಓಡ್ತಾನೆ, ಹಾರ್ತಾನೆ, ರಿಬೌಂಡ್ (ರಿಂಗ್‌ಗೆ ಬಡಿದು ವಾಪಸ್ ಬಂದ ಚೆಂಡು) ಕಿತ್ತುಕೊಳ್ತಾನೆ. ಆದರೆ ಆ ವರ್ಷ ಅವನು ದೂರದಿಂದ ಹೊಡೆದ ತ್ರೀ ಪಾಯಿಂಟ್ ಶಾಟ್‌ಗಳಲ್ಲಿ 100ಕ್ಕೆ 20 ಕೂಡ ಬೀಳಲಿಲ್ಲ. ನಂಬಿ ಚೆಂಡು ಕೊಡಬಹುದಾಗಿದ್ದ ಹಿರಿಯ ಬೋಯಾನ್ ಬೊಗ್ದಾನೊವಿಚ್ ಮೀನಖಂಡದ ಗಾಯಕ್ಕೆ ಡಿಸೆಂಬರ್ ತನಕ ಹೊರಗೆ ಕೂತಿದ್ದರು.

ಕೋಚ್ ಮೇಲೂ ನನಗೊಂದು ದೂರಿದೆ. ಜೇಡನ್ ಐವಿ ಅನ್ನೋ ಮಿಂಚಿನ ವೇಗದ ಹುಡುಗನನ್ನು ಬೆಂಚಿನಲ್ಲಿ ಕೂರಿಸಿ ಕಿಲಿಯನ್ ಹೇಯ್ಸ್‌ನನ್ನು ಮೊದಲ ಐವರಲ್ಲಿ ಇಳಿಸುತ್ತಿದ್ದರು. ಅದೇ ಹೇಯ್ಸ್‌ನನ್ನು ಫೆಬ್ರುವರಿಯಲ್ಲಿ ತಂಡದಿಂದಲೇ ಕೈಬಿಟ್ಟರು. ಹಾಗಿದ್ದಮೇಲೆ ನವೆಂಬರ್‌ನಲ್ಲಿ ಅವನನ್ನು ನೆಚ್ಚಿಕೊಂಡಿದ್ದು ಯಾತಕ್ಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮಗನಿಗೆ ಏನೂ ಹೇಳೋಕೆ ಹೋಗಬೇಡಿ. ತಂಡ ಸೋಲೋವಾಗಲೇ ಹತ್ತಿರದ ಸೀಟು ಕಮ್ಮಿ ದುಡ್ಡಿಗೆ ಸಿಗೋದು, ಕರಕೊಂಡು ಹೋಗಿ.

ಪ್ರಶ್ನೆ: 28 ಪಂದ್ಯದಲ್ಲಿ ಒಂದನ್ನಾದರೂ ಅದೃಷ್ಟದಿಂದ ಗೆಲ್ಲೋಕೆ ಆಗಲಿಲ್ವಾ ಸಾರ್?
— ಓದುಗರು, ತುಮಕೂರು

ಉತ್ತರ: ಅದೃಷ್ಟ ಬಾಗಿಲ ತನಕ ಬಂದಿತ್ತು ಕಣಪ್ಪ. ಡಿಸೆಂಬರ್ 26ಕ್ಕೆ ಬ್ರೂಕ್ಲಿನ್ ಎದುರು ತವರಿನಲ್ಲೇ ಪಂದ್ಯ. ಕೇಡ್ ಒಬ್ಬನೇ 41 ಪಾಯಿಂಟ್ ಹೊಡೆದ. ಆದರೂ 118-112ಕ್ಕೆ ಸೋಲು. ಅದು ಸಾಲಿನ 27ನೆಯದು. ಒಂದೇ ಸೀಸನ್‌ನಲ್ಲಿ ಅಷ್ಟು ಸಾಲು ಸೋಲು ಬೇರೆ ಯಾವ ಎನ್‌ಬಿಎ ತಂಡವೂ ಕಂಡಿರಲಿಲ್ಲ.

ಎರಡು ದಿನ ಬಿಟ್ಟು ಬಾಸ್ಟನ್‌ನಲ್ಲಿ ಆಟ. ಬಾಸ್ಟನ್ ಆ ಸೀಸನ್ ತವರಿನಲ್ಲಿ ಅಲ್ಲಿಯ ತನಕ ಒಂದೂ ಸೋತಿರಲಿಲ್ಲ, ಮುಂದೆ ಚಾಂಪಿಯನ್ ಆಗಿದ್ದೂ ಅವರೇ. ಅಂಥವರ ಎದುರು ಹಾಫ್ ಟೈಮ್‌ಗೆ ಡೆಟ್ರಾಯಿಟ್ 66, ಬಾಸ್ಟನ್ 47! ನಮ್ಮಲ್ಲಿ ಬೆಳಗಿನ ಹೊತ್ತು. ನಮ್ಮನೆಯವಳನ್ನು ಎಬ್ಬಿಸಿ "ಇವತ್ತು ಗೆಲ್ತಾರೆ ಕಣೇ" ಅಂದೆ. "ಗೆದ್ದಮೇಲೆ ಎಬ್ಬಿಸಿ" ಅಂತ ಮಗ್ಗುಲು ಬದಲಾಯಿಸಿದಳು. ಅವಳಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲ, ಡೆಟ್ರಾಯಿಟ್ ಗೊತ್ತಿತ್ತು.

ಮೂರನೇ ಕ್ವಾರ್ಟರ್‌ನಲ್ಲಿ ಬಾಸ್ಟನ್ ಎಲ್ಲಾ ಬಾಕಿ ತೀರಿಸಿತು. ಪಂದ್ಯ ಓವರ್‌ಟೈಮ್‌ಗೆ ಹೋಯಿತು, 128-122ಕ್ಕೆ ಮುಗಿಯಿತು. ಶಾಲಾ ತಂಡಗಳನ್ನು ಇಷ್ಟು ವರ್ಷ ನೋಡಿದ ಅನುಭವದಲ್ಲಿ ಹೇಳ್ತೀನಿ, ಸೋತು ಸೋತು ಬಂದ ಹುಡುಗರಿಗೆ ಮುನ್ನಡೆ ಸಿಕ್ಕರೆ ಮೊದಲು ಕೆಡೋದು ಪಾಸ್. ಅರ್ಧ ಸೆಕೆಂಡ್ ತಡವಾಗುತ್ತೆ. ಎಲ್ಲರೂ ಚೆನ್ನಾಗಿ ಆಡುವ ಒಬ್ಬನ ಮುಖ ನೋಡ್ತಾರೆ. ಅವತ್ತು ಟಿವಿಯಲ್ಲಿ ಅದೇ ಕಂಡಿದ್ದು.

ಕೊನೆಗೂ ಗೆದ್ದಿದ್ದು ಟೊರೊಂಟೊ ಮೇಲೆ. ಅದರಲ್ಲೂ ಒಂದು ತಮಾಷೆ ಇದೆ. ಟೊರೊಂಟೊದವರು ಅದೇ ದಿನ ತಮ್ಮ ಮುಖ್ಯ ಆಟಗಾರ ಒಜಿ ಅನುನೋಬಿಯನ್ನು ನ್ಯೂಯಾರ್ಕ್‌ಗೆ ಕೊಟ್ಟಿದ್ದರು. ಬದಲಿಗೆ ಬರಬೇಕಾದವರು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಅಂಥ ಕೊರತೆಯ ತಂಡದ ಮೇಲೂ ಡೆಟ್ರಾಯಿಟ್ ಗೆದ್ದಿದ್ದು 129-127, ಬರೀ ಎರಡು ಪಾಯಿಂಟ್. ಗೆಲುವು ಗೆಲುವೇ ಬಿಡಿ.

ಪ್ರಶ್ನೆ: ಇದಕ್ಕಿಂತ ಕೆಟ್ಟ ತಂಡ ಇತ್ತಾ?
— ಓದುಗರು, ದಾವಣಗೆರೆ

ಉತ್ತರ: ಇತ್ತು. ಫಿಲಡೆಲ್ಫಿಯಾ 1972-73ರಲ್ಲಿ 82ಕ್ಕೆ 9 ಗೆದ್ದಿತ್ತು. 82 ಪಂದ್ಯದ ಸೀಸನ್‌ನಲ್ಲಿ ಅದಕ್ಕಿಂತ ಕೆಳಗೆ ಯಾರೂ ಹೋಗಿಲ್ಲ. ಸಾಲು ಸೋಲಿನ 28ರ ದಾಖಲೆಯಲ್ಲೂ ಡೆಟ್ರಾಯಿಟ್‌ಗೆ ಪಾಲುದಾರರು ಅವರೇ. ಅವರದು 2015ರಲ್ಲಿ ಎರಡು ಸೀಸನ್‌ಗೆ ಹಂಚಿಹೋಗಿತ್ತು ಅಷ್ಟೇ.

ನೂರಕ್ಕೆ ಎಷ್ಟು ಗೆಲುವು ಅಂತ ನೋಡಿದರೆ ತೀರಾ ಕೆಳಗಿರೋದು ಷಾರ್ಲಟ್ ಬಾಬ್‌ಕ್ಯಾಟ್ಸ್. 2011-12ರಲ್ಲಿ ಮಾಲೀಕರು-ಆಟಗಾರರ ಜಗಳದಿಂದ ಸೀಸನ್ 66 ಪಂದ್ಯಕ್ಕೆ ಇಳಿದಿತ್ತು. ಅವರು ಗೆದ್ದಿದ್ದು 7. ಕೊನೆಯ 23 ಸಾಲಾಗಿ ಸೋತರು. ಆಗ ಆ ತಂಡದ ಮಾಲೀಕ ಯಾರು ಗೊತ್ತಾ? ಮೈಕಲ್ ಜೋರ್ಡಾನ್.

ಪ್ರಶ್ನೆ: ಯುರೋಪಿನ ಫುಟ್‌ಬಾಲ್‌ನಲ್ಲಿ ಕೊನೆಗೆ ಬಂದವರನ್ನು ಕೆಳಗಿನ ದರ್ಜೆಗೆ ತಳ್ತಾರೆ. ಇಲ್ಲಿ ಕೊನೆಗೆ ಬಂದವರಿಗೆ ಒಳ್ಳೆ ಆಟಗಾರನ ಬಹುಮಾನ. ಇದು ಯಾವ ಸೀಮೆ ನ್ಯಾಯ?
— ಓದುಗರು, ಬೆಂಗಳೂರು

ಉತ್ತರ: ನಮ್ಮ ಐಪಿಎಲ್ ಹಾಗೆ ಅಲ್ಲೂ ತಂಡಗಳು ಖಾಯಂ. 30 ತಂಡ, ಯಾರೂ ಕೆಳಗೆ ಬೀಳಲ್ಲ. ಹಾಗಾಗಿ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ ಕೆಳಗಿನವರಿಗೆ ಅನುಕೂಲ ಕೊಡ್ತಾರೆ. ಇಲ್ಲದಿದ್ದರೆ ಮೇಲಿದ್ದವರು ಮೇಲೇ ಇರ್ತಾರೆ.

ಆದರೆ ಬಹುಮಾನ ಗ್ಯಾರಂಟಿ ಅಂದುಕೊಳ್ಳಬೇಡಿ. ಯಾರಿಗೆ ಯಾವ ಸರದಿ ಅಂತ ಲಾಟರಿ ಎತ್ತುತ್ತಾರೆ. ನಂಬರ್ ಬರೆದ 14 ಪಿಂಗ್‌ಪಾಂಗ್ ಚೆಂಡುಗಳನ್ನು ಯಂತ್ರಕ್ಕೆ ಹಾಕಿ ನಾಲ್ಕು ತೆಗೀತಾರೆ, ಆ ನಾಲ್ಕು ನಂಬರ್ ಯಾರ ಪಟ್ಟಿಯಲ್ಲಿದೆಯೋ ಅವರಿಗೆ ಸರದಿ. ಮುಂಚೆ ಕೊನೆಯ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ 100ಕ್ಕೆ 25 ಇತ್ತು. ಫಿಲಡೆಲ್ಫಿಯಾದಂಥವರ ಆಟ ನೋಡಿ ಬೇಸತ್ತು 2019ರಿಂದ ಅದನ್ನು 14ಕ್ಕೆ ಇಳಿಸಿದರು. ಕೊನೆಯ ಮೂರೂ ತಂಡಗಳಿಗೆ ಅದೇ 14. ಆ ನಿಯಮದಲ್ಲಿ ಕಟ್ಟಕಡೆಯ ತಂಡ ಐದನೇ ಸರದಿಯ ತನಕ ಜಾರಬಹುದಿತ್ತು.

ಜಾರಿದ್ದು ಯಾರು? ಡೆಟ್ರಾಯಿಟೇ, ಎರಡು ಸಲ! 2023ರಲ್ಲಿ 17 ಗೆಲುವಿನೊಂದಿಗೆ ಕಟ್ಟಕಡೆಗೆ ಬಂದರು. ಆ ವರ್ಷ ವಿಕ್ಟರ್ ವೆಂಬಾನ್ಯಾಮಾ ಅನ್ನೋ ಫ್ರಾನ್ಸಿನ ಏಳಡಿ ದಾಟಿದ ಹುಡುಗನಿಗಾಗಿ ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ಅವನು ಸ್ಯಾನ್ ಆಂಟೋನಿಯೊಗೆ ಹೋದ, ಡೆಟ್ರಾಯಿಟ್‌ಗೆ ಐದನೇ ಸರದಿ. 28 ಸೋಲಿನ ವರ್ಷವೂ ಕಟ್ಟಕಡೆ, ಮತ್ತೆ ಐದನೆಯದೇ. ಆ ಸಲ ಮೊದಲ ಸರದಿ ಹೊಡಕೊಂಡಿದ್ದು 36 ಪಂದ್ಯ ಗೆದ್ದಿದ್ದ ಅಟ್ಲಾಂಟಾ, 100ಕ್ಕೆ 3ರ ಸಾಧ್ಯತೆಯಲ್ಲಿ. ನನ್ನ ಕೇಳಿದರೆ ಆ ನಿಯಮ ಸರಿಯಾಗಿಯೇ ಇತ್ತು. ಬೇಕಂತಲೇ ಸೋಲೋ ಆಸೆ ಇರೋರು ಡೆಟ್ರಾಯಿಟ್ ನೋಡಿ ಬುದ್ಧಿ ಕಲೀಲಿ.

ಪ್ರಶ್ನೆ: ಅಷ್ಟು ದುಡ್ಡು ಇಸಕೊಂಡ ಕೋಚ್ ಏನಾದರು?
— ಓದುಗರು, ಉಡುಪಿ

ಉತ್ತರ: ಒಂದೇ ವರ್ಷಕ್ಕೆ, 2024ರ ಜೂನ್‌ನಲ್ಲಿ, ಮನೆಗೆ ಕಳಿಸಿದರು. ಒಪ್ಪಂದದಲ್ಲಿ ಇನ್ನೂ ಐದು ವರ್ಷ ಬಾಕಿ ಇತ್ತು. ಪಾಪ ಅನ್ನಿಸಿತಾ? ನನಗೇನೂ ಅನ್ನಿಸಲಿಲ್ಲ.

ಪ್ರಶ್ನೆ: ಮರುವರ್ಷ ಅದೇ ತಂಡ ಪ್ಲೇಆಫ್‌ಗೆ ಬಂತಲ್ಲ, ಏನು ಮಂತ್ರ ಹಾಕಿದರು? ನಮ್ಮ ಕಾಲೇಜು ಟೀಮಿಗೂ ಬೇಕಿತ್ತು.
— ವಿದ್ಯಾರ್ಥಿನಿ, ಹಾಸನ

ಉತ್ತರ: ಮಂತ್ರ ಅಲ್ಲಮ್ಮ, ಅಂಗಡಿಗೆ ಹೋಗಿ ಪಟ್ಟಿಯಲ್ಲಿದ್ದ ಸಾಮಾನು ತಂದ ಹಾಗೆ. ದೂರದಿಂದ ಹೊಡೆಯೋರು ಇರಲಿಲ್ಲ, ತಂದರು. ತಂಡ ಕಟ್ಟುವ ಹೊಣೆ ಹೊತ್ತು ಬಂದ ಟ್ರಜಾನ್ ಲ್ಯಾಂಗ್ಡನ್ ಮಾಡಿದ್ದು ಅಷ್ಟೇ. ಟೋಬಿಯಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮಲಿಕ್ ಬೀಸ್ಲಿ. ಯಾರೂ ಸೂಪರ್‌ಸ್ಟಾರ್ ಅಲ್ಲ. ಬೀಸ್ಲಿ ಆ ಒಂದೇ ಸೀಸನ್‌ನಲ್ಲಿ 319 ತ್ರೀ ಪಾಯಿಂಟರ್ ಹಾಕಿದ. ಮೂಲೆಯಲ್ಲಿ ಇಂಥವನು ನಿಂತಿದ್ದರೆ ಅವನನ್ನು ಬಿಟ್ಟು ಬರೋ ಧೈರ್ಯ ಯಾರಿಗಿದೆ? ಕೇಡ್‌ಗೆ ರಿಂಗ್ ತನಕ ದಾರಿ ಬಿಟ್ಟುಕೊಂಡಿತು. ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್, ಕ್ಲೀವ್‌ಲ್ಯಾಂಡ್‌ನವರು ಆಗಷ್ಟೇ ಬೇಡ ಅಂದವರು, ಮೊದಲು ಡಿಫೆನ್ಸ್ ಸರಿ ಮಾಡಿದರು. ಥಾಂಪ್ಸನ್‌ಗೆ ಶಾಟ್ ಬರದಿದ್ದರೂ ಎದುರು ತಂಡದ ದೊಡ್ಡ ಆಟಗಾರನನ್ನು ಕಟ್ಟಿಹಾಕೋ ಕೆಲಸ ಕೊಟ್ಟರು.

ಎಲ್ಲ ಸಲೀಸಾಗಿ ಆಯಿತು ಅಂತಲ್ಲ. ಆ ಸೀಸನ್‌ನ ಮೊದಲ ನಾಲ್ಕೂ ಪಂದ್ಯ ಸೋತರು. 2025ರ ಹೊಸ ವರ್ಷದ ದಿನ ಐವಿ ಕಾಲು ಮುರಕೊಂಡ. ಆದರೂ 44 ಗೆಲುವು. 14ರಿಂದ 44! ಮಾಲೀಕ ಅವರೇ, ಕೇಡ್, ಡ್ಯೂರೆನ್, ಸ್ಟೂವರ್ಟ್, ಥಾಂಪ್ಸನ್ ಎಲ್ಲ ಅದೇ ಹುಡುಗರು. ಪ್ಲೇಆಫ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಎರಡನೇ ಪಂದ್ಯ 100-94ಕ್ಕೆ ಗೆದ್ದರು. 2008ರ ನಂತರ ಡೆಟ್ರಾಯಿಟ್ ಗೆದ್ದ ಮೊದಲ ಪ್ಲೇಆಫ್ ಪಂದ್ಯ ಅದು. ಸರಣಿ 4-2ಕ್ಕೆ ಸೋತರು. ಕೊನೆಯ ಪಂದ್ಯದಲ್ಲಿ ಇನ್ನೇನು ಐದು ಸೆಕೆಂಡ್ ಇಲ್ಲ ಅನ್ನುವಾಗ ನ್ಯೂಯಾರ್ಕ್‌ನ ಜೇಲನ್ ಬ್ರನ್ಸನ್ ಒಂದು ತ್ರೀ ಪಾಯಿಂಟರ್ ಹಾಕಿ ಕೆಲಸ ಮುಗಿಸಿದ.

ನಿಮ್ಮ ಕಾಲೇಜು ಟೀಮಿಗೆ ಬೀಸ್ಲಿಯನ್ನು ತರೋಕೆ ಆಗಲ್ಲ. ಐವರಲ್ಲಿ ಇಬ್ಬರಿಗಾದರೂ ಮೂಲೆಯಿಂದ ಶಾಟ್ ಕಲಿಸಿ. ದಿನಾ ಅಭ್ಯಾಸ ಮುಗಿದಮೇಲೆ, ಸುಸ್ತಾಗಿರುವಾಗ ಹೊಡೆಸಿ. ಪಂದ್ಯದಲ್ಲಿ ಹೊಡೆಯೋದು ಸುಸ್ತಾದಾಗಲೇ ಅಲ್ವಾ?

ಪ್ರಶ್ನೆ: ಈ ಪಂದ್ಯ ಇಲ್ಲಿ ಎಷ್ಟು ಹೊತ್ತಿಗೆ ನೋಡಬೇಕು?
— ಓದುಗರು, ಶಿರಸಿ

ಉತ್ತರ: ಡೆಟ್ರಾಯಿಟ್‌ನ ಸಂಜೆ 7ರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 5.30. ಮಾರ್ಚ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಆಮೇಲೆ 4.30. ಪ್ಲೇಆಫ್ ನೋಡೋರು ಹಾಲು ಹಿಂದಿನ ರಾತ್ರಿಯೇ ತಂದಿಟ್ಟುಕೊಳ್ಳಿ, ಅಷ್ಟೊತ್ತಿಗೆ ಯಾವ ಅಂಗಡಿಯೂ ತೆಗೆದಿರಲ್ಲ.