ದ್ವಿತೀಯ ಪಿಯುಸಿ ಗಣಿತ, ಭೌತಶಾಸ್ತ್ರಕ್ಕೆ ಒಳ್ಳೆಯ ಟ್ಯೂಷನ್ ಮೇಷ್ಟ್ರನ್ನು ಹುಡುಕುವುದು ಹೇಗೆ?

ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಬಂದಳು, ಮೊದಲ ವರ್ಷ ಗಣಿತ, ಭೌತಶಾಸ್ತ್ರ ಎರಡರಲ್ಲೂ ಹಿಂದೆ ಬಿದ್ದಳು, ಈಗ ಯಾರ ಹತ್ತಿರ ಮನೆಪಾಠ ಹೇಳಿಸಲಿ ಎಂದು ಕೇಳಿದ್ದೀರಿ.

ಮೇಷ್ಟ್ರನ್ನು ಹುಡುಕುವ ಮೊದಲು ಅವಳ ಹಳೆಯ ಟೆಸ್ಟ್ ಪೇಪರುಗಳನ್ನು ಹರಡಿಕೊಂಡು ಅವಳ ಜೊತೆ ಕೂರಿ. ಹೋದ ಒಂದೊಂದು ಅಂಕದ ಪಕ್ಕದಲ್ಲೂ ಕಾರಣ ಬರೆಯಿರಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಹಂತಗಳನ್ನು ಬರೆಯಲಿಲ್ಲ, ಸಮಯ ಸಾಲಲಿಲ್ಲ. ಹೆಚ್ಚಿನವು ಕೊನೆಯ ಎರಡಾದರೆ ಟ್ಯೂಷನ್ ಬೇಕಿಲ್ಲ. ಗಡಿಯಾರ ಎದುರಿಗಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಪೂರ್ತಿ ಬರೆದರೆ ಸಾಕು. ಮೊದಲನೆಯದಾದರೆ ಯಾವ ಅಧ್ಯಾಯ ಎಂದು ಗುರುತು ಹಾಕಿ. ಇಂಟಿಗ್ರೇಷನ್ ಬರುವುದಿಲ್ಲ ಅನ್ನುವ ಮಕ್ಕಳಲ್ಲಿ ಬಹಳಷ್ಟು ಜನರಿಗೆ ನಿಜವಾಗಿ ಕೈಕೊಡುವುದು ಮೊದಲ ವರ್ಷದ ಟ್ರಿಗನಾಮೆಟ್ರಿ. ಆ ಪಟ್ಟಿ ಹಿಡಿದೇ ಮೇಷ್ಟ್ರ ಮನೆಗೆ ಹೋಗಿ.

ಟಾಪರ್‌ಗಳ ಮನೆಯಲ್ಲಿ ವಿಚಾರಿಸಬೇಡಿ. ಅವರು ಯಾರ ಹತ್ತಿರ ಕಲಿತರೂ ಕಲಿಯುತ್ತಿದ್ದರು. 45ರಿಂದ 70ಕ್ಕೆ ಬಂದ ಹುಡುಗ ಹುಡುಗಿಯರನ್ನು ಕೇಳಿ. ಅವಳದೇ ಕಾಲೇಜಿನ ಲೆಕ್ಚರರ್ ಬೇಡ. ಗಣಿತದ 20 ಇಂಟರ್ನಲ್ ಅಂಕ ಕಾಲೇಜಿನ ಕೈಯಲ್ಲಿರುತ್ತದೆ, ಪಾಠ ಹಿಡಿಸದಿದ್ದರೆ ಬಿಡಿಸುವುದು ಇಬ್ಬರಿಗೂ ಮುಜುಗರ.

ಡೆಮೊ ಕ್ಲಾಸಿಗೆ ಹಣ ಕೊಟ್ಟಾದರೂ ಸರಿ, ಅವಳು ಈಗಾಗಲೇ ತಪ್ಪು ಮಾಡಿದ ಲೆಕ್ಕವನ್ನೇ ಒಯ್ಯಲಿ. ಉದಾಹರಣೆಗೆ, ಛೇದದಲ್ಲಿ 'ಎಕ್ಸ್ ವರ್ಗ + 4ಎಕ್ಸ್ + 13' ಇರುವ ಇಂಟಿಗ್ರಲ್. ಎರಡು ನಿಮಿಷದಲ್ಲಿ ಬೋರ್ಡಿನ ಮೇಲೆ ಬಿಡಿಸಿ "ಅರ್ಥ ಆಯ್ತಾ?" ಎಂದು ಕೇಳುವವರು ನಿಮಗೆ ಬೇಡ. ಒಳ್ಳೆಯ ಮೇಷ್ಟ್ರು ಪೆನ್ನು ಅವಳ ಕೈಗೇ ಕೊಟ್ಟು, "ಛೇದವನ್ನು ಫ್ಯಾಕ್ಟರ್ ಮಾಡೋಕಾಗುತ್ತಾ ನೋಡು" ಅನ್ನುತ್ತಾರೆ. 4ರ ವರ್ಗ 16, ಅದರಲ್ಲಿ 13ರ ನಾಲ್ಕು ಪಟ್ಟು 52 ಕಳೆದರೆ ಋಣ ಸಂಖ್ಯೆ, ಆಗುವುದಿಲ್ಲ ಎಂದು ಅವಳೇ ಕಂಡುಕೊಳ್ಳಬೇಕು. ಆಮೇಲೆ ವರ್ಗ ಪೂರ್ಣಗೊಳಿಸಿ, 'ಎಕ್ಸ್ + 2'ರ ವರ್ಗಕ್ಕೆ 9 ಕೂಡಿಸಿ ಬರೆದು, ಟ್ಯಾನ್ ಇನ್ವರ್ಸ್ ಸೂತ್ರಕ್ಕೆ ಬರುತ್ತಾಳೆ. ತಕ್ಷಣ 'ಎಕ್ಸ್ ವರ್ಗ + 6ಎಕ್ಸ್ + 25' ಕೊಟ್ಟು ಸುಮ್ಮನೆ ಕೂರುವವರು ಸಿಕ್ಕರೆ ಬಿಡಬೇಡಿ. ಭೌತಶಾಸ್ತ್ರದಲ್ಲಿ ಎರಡು ವಿದ್ಯುದಾವೇಶಗಳ ನಡುವಿನ ಬಲ ಹೇಳುವ ಕೂಲಂಬ್ ನಿಯಮದ ಲೆಕ್ಕ ಕೊಡಿ. ಅದರಲ್ಲಿ ದೂರದ ವರ್ಗ ಬರುವುದರಿಂದ ಸೆಂಟಿಮೀಟರನ್ನು ಮೀಟರಿಗೆ ಬದಲಿಸದಿದ್ದರೆ ಉತ್ತರ 10,000 ಪಟ್ಟು ತಪ್ಪುತ್ತದೆ. ಆ ತಪ್ಪನ್ನು ತಾವೇ ತಿದ್ದಿಬಿಡುತ್ತಾರೋ, ಅವಳಿಂದ ಹುಡುಕಿಸುತ್ತಾರೋ ಗಮನಿಸಿ.

ನಿಮ್ಮ ಮಗಳ ವಿಷಯದಲ್ಲಿ ಭಾಷೆಯೂ ಅಷ್ಟೇ ಮುಖ್ಯ. ವೇಗೋತ್ಕರ್ಷ ಎಂದರೆ ಏನೆಂದು ಚೆನ್ನಾಗಿ ಗೊತ್ತಿರುವ ಮಗು 'ಆಕ್ಸಿಲರೇಷನ್' ಎಂದಾಗ ಕಂಗಾಲಾಗುತ್ತದೆ, ತನಗೆ ತಲೆಯೇ ಇಲ್ಲ ಎಂದುಕೊಳ್ಳುತ್ತದೆ. ಕನ್ನಡದಲ್ಲಿ ವಿವರಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಸಿ, ಆ ವಾಕ್ಯಗಳನ್ನು ತಿದ್ದುವವರು ಬೇಕು. ಮೊದಲ ತಿಂಗಳು ಪಠ್ಯಪುಸ್ತಕದ ಪದಗಳಿಗೆ ಅವಳೇ ಒಂದು ಪಟ್ಟಿ ಮಾಡಿಕೊಳ್ಳಲಿ.

ಬೋರ್ಡ್ ಪರೀಕ್ಷೆಗೋ ಸಿಇಟಿಗೋ ಎಂದು ಮೊದಲೇ ಮಾತಾಡಿಕೊಳ್ಳಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ಅಲ್ಲಿ ವೇಗ ಬೇಕು. ಬೋರ್ಡಿನಲ್ಲಿ ಹಂತಕ್ಕೊಂದು ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಎರಡೂ ಅರ್ಧರ್ಧ ಸೇರುವುದರಿಂದ ಬರೀ ಶಾರ್ಟ್‌ಕಟ್ ಹೇಳಿಕೊಡುವವರಿಂದ ನಷ್ಟವೇ. ತಳಪಾಯ ಅಲುಗಾಡುತ್ತಿರುವಾಗ ಡಿಸೆಂಬರ್ ತನಕ ಬೋರ್ಡನ್ನೇ ಗಟ್ಟಿ ಮಾಡಿ ಅನ್ನುತ್ತೇನೆ ನಾನು.

ವಿಷಯಕ್ಕೆ ವಾರದಲ್ಲಿ ಎರಡು ದಿನ, ಒಂದೂವರೆ ಗಂಟೆ ಸಾಕು. ಬ್ಯಾಚ್ ಆದರೆ ಐದಾರು ಮಕ್ಕಳು. ಅದಕ್ಕಿಂತ ಹೆಚ್ಚಾದರೆ ನೋಟ್ಸ್ ನೋಡಲು ಮೇಷ್ಟ್ರಿಗೆ ಪುರಸೊತ್ತಿರುವುದಿಲ್ಲ. ಫೀಸು ತಿಂಗಳಿಗೊಮ್ಮೆ ಕೊಡಿ, ವರ್ಷದ್ದು ಒಟ್ಟಿಗೆ ಬೇಡ. ತಪ್ಪಿದ ಕ್ಲಾಸಿಗೆ ಬದಲಿ ಯಾವಾಗ ಎಂದು ಮೊದಲೇ ಕೇಳಿ. ಮನೆಗೆ ಬಂದು ಹೇಳಿಕೊಡುವುದಾದರೆ ನಡುಮನೆಯಲ್ಲೇ ಕೂರಿಸಿ, ಮನೆಯವರು ಯಾರಾದರೂ ಇರಲಿ. ಆನ್‌ಲೈನ್ ಆದರೆ ಕ್ಯಾಮೆರಾ ಅವಳ ಮುಖಕ್ಕಲ್ಲ, ಬರೆಯುವ ಪುಟಕ್ಕೆ ತಿರುಗಿರಬೇಕು.

ಆರು ವಾರ ಕಳೆದ ಮೇಲೆ, ಆ ಮೇಷ್ಟ್ರು ಕೊಡದ ಪತ್ರಿಕೆಯೊಂದನ್ನು ಬರೆಸಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ಪಾಠ ಆದ ಅಧ್ಯಾಯಗಳ ಪ್ರಶ್ನೆಗಳನ್ನಷ್ಟೇ ಆರಿಸಿಕೊಳ್ಳಿ. ಅಂಕ ಸ್ವಲ್ಪವೇ ಏರಿದ್ದರೂ ಮೊದಲ ಪಟ್ಟಿಯ ತಪ್ಪುಗಳು ಕಡಿಮೆಯಾಗಿದ್ದರೆ ಮುಂದುವರಿಸಿ. ಅದೇ ತಪ್ಪುಗಳು ಮತ್ತೆ ಬಂದಿದ್ದರೆ ಟ್ಯೂಷನ್ ನೋಟ್ ಬುಕ್ ತೆರೆದು ನೋಡಿ. ಅದರಲ್ಲಿ ಬೋರ್ಡಿನಿಂದ ಇಳಿಸಿಕೊಂಡ ಲೆಕ್ಕಗಳೇ ತುಂಬಿದ್ದು, ಅವಳೇ ಒದ್ದಾಡಿ ಹೊಡೆದುಹಾಕಿದ ಗೆರೆಗಳಾಗಲಿ, ಮೇಷ್ಟ್ರ ಕೆಂಪು ಶಾಯಿಯಾಗಲಿ ಕಾಣದಿದ್ದರೆ ಆ ತಿಂಗಳಿಗೇ ಬಿಡಿಸಿ.