ಕಲ್ಪನೆಯ ದ್ವೀಪಕ್ಕೆ ಆಡಳಿತ ಎಲ್ಲಿಂದ ತರುವುದು?

ಪ್ರಶ್ನೆ: ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲೊಂದು ಕಲ್ಪನೆಯ ದ್ವೀಪವಿದೆ. ದೊಡ್ಡ ದೇಶವೊಂದರ ಭಾಗ, ಆದರೆ ಭಾಷೆ ಬೇರೆ. ನಕಾಶೆ, ಬಾವುಟ ಎಲ್ಲ ಆಗಿದೆ. ಆಡಳಿತ ಹೇಗಿರಬೇಕು ಅನ್ನುವಲ್ಲಿ ಕಥೆ ನಿಂತಿದೆ. ಗದಗಿನಲ್ಲಿ ಕೂತವಳಿಗೆ ದ್ವೀಪದ ಸಂಗತಿ ಹೇಗೆ ಗೊತ್ತಾಗಬೇಕು?
– ಓದುಗರು, ಗದಗ

ಉತ್ತರ: ನಿಮ್ಮ ಸುತ್ತಲೇ ನೋಡಿ. ಸ್ವಾತಂತ್ರ್ಯಕ್ಕೆ ಮುಂಚೆ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಆದರೆ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದ್ದು. ಕುಂದಗೋಳದ ರೈತನಿಗೆ ಹುಬ್ಬಳ್ಳಿ ಪೇಟೆ ಪಕ್ಕದಲ್ಲೇ. ಅವನ ದೊರೆಯ ಊರು ಮಾತ್ರ ನೂರು ಕಿಲೋಮೀಟರಿಗೂ ಆಚೆ. ನೀರಿಲ್ಲದಿದ್ದರೂ ಅದು ದ್ವೀಪವೇ ಅಲ್ವಾ?

ಈಗಿನ ದ್ವೀಪ ಬೇಕಿದ್ದರೆ ಲಕ್ಷದ್ವೀಪವಿದೆ. ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ವಿಧಾನಸಭೆ ಇಲ್ಲ. ಲೋಕಸಭೆಗೆ ಒಬ್ಬರೇ ಸಂಸದರು. ಆಡಳಿತಾಧಿಕಾರಿಯನ್ನು ನೇಮಿಸುವವರು ರಾಷ್ಟ್ರಪತಿ. ಸಂವಿಧಾನದ 240ನೇ ವಿಧಿಯಡಿ ಅವರು ಹೊರಡಿಸುವ ನಿಯಮಕ್ಕೆ ಅಲ್ಲಿ ಸಂಸತ್ತಿನ ಕಾಯ್ದೆಯಷ್ಟೇ ಬಲ. ಹೈಕೋರ್ಟಿಗೆ ಹೋಗಬೇಕಾದವರು ಕೇರಳಕ್ಕೇ ಹೋಗಬೇಕು.

ಬಾಲ್ಟಿಕ್ ಸಮುದ್ರದ ಓಲಂಡ್ ಇದಕ್ಕೆ ತದ್ವಿರುದ್ಧ. ದೇಶ ಫಿನ್ಲೆಂಡ್, ಜನರ ಮಾತು ಸ್ವೀಡಿಷ್. ನೆಲ ಫಿನ್ಲೆಂಡಿಗೇ ಇರಲಿ, ಭಾಷೆಗೆ ರಕ್ಷಣೆ ಸಿಗಲಿ ಎಂದು 1921ರಲ್ಲಿ ರಾಷ್ಟ್ರಸಂಘ (ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಒಕ್ಕೂಟ) ತೀರ್ಮಾನಿಸಿತು. ಅಲ್ಲಿ ಸ್ವಂತ ಶಾಸನಸಭೆಯಿದೆ, ಸ್ವಂತ ಅಂಚೆಚೀಟಿಯೂ ಇದೆ. ದ್ವೀಪದ ನಿವಾಸಿ ಎಂಬ ಹಕ್ಕು ಇಲ್ಲದವರು ಸುಮ್ನೆ ಹೋಗಿ ಜಮೀನು ಕೊಳ್ಳುವಂತಿಲ್ಲ. ವಿದೇಶಾಂಗ ವ್ಯವಹಾರ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಕೈಯಲ್ಲಿದೆ. ಕಥೆ ನಡೆದಂತೆ ದ್ವೀಪದ ಅಧಿಕಾರವೂ ಬೆಳೆಯಬೇಕೆಂದರೆ ಗ್ರೀನ್‌ಲ್ಯಾಂಡ್ ನೋಡಿ. ಡೆನ್ಮಾರ್ಕ್ ಅದಕ್ಕೆ 1979ರಲ್ಲಿ ಸ್ವಂತ ಆಡಳಿತ ಕೊಟ್ಟಿತು, 2009ರಲ್ಲಿ ಅದನ್ನು ಇನ್ನಷ್ಟು ಹಿಗ್ಗಿಸಿತು.

ನನ್ನ ಮಾತು ಕೇಳುವುದಾದರೆ ಬಾವುಟ ಬದಿಗಿಡಿ. ಮೊದಲು ಜಮೀನಿನ ಕಾನೂನು ಬರೆಯಿರಿ. ಹೊರಗಿನವರು ಅಲ್ಲಿ ನೆಲ ಕೊಳ್ಳಬಹುದೇ? ಜಗಳ ಜಾಸ್ತಿ ಹುಟ್ಟುವುದು ಅಲ್ಲೇ. ಆಮೇಲೆ ಹಡಗು ಯಾರದು ಅನ್ನುವುದು. ದ್ವೀಪದವರಿಗೆ ಸರ್ಕಾರ ಅಂದರೆ ಎಷ್ಟೋ ಸಲ ಆ ಹಡಗಿನ ವೇಳಾಪಟ್ಟಿಯೇ.

ಒಂದು ದೃಶ್ಯ ಬರೆದು ನೋಡಿ. ಜೂನ್ ತಿಂಗಳು, ಗಾಳಿ ಜೋರು, ಹಡಗು ಹೊರಟಿಲ್ಲ. ತೆಂಗಿನ ತೋಟದ ತಕರಾರು ಹಿಡಿದು ಅಜ್ಜಿಯೊಬ್ಬಳು ಕಚೇರಿಗೆ ಬಂದಿದ್ದಾಳೆ. ಸಹಿ ಆಚೆ ದಡದಲ್ಲೇ ಆಗಬೇಕು ಅನ್ನುತ್ತಾನೆ ಗುಮಾಸ್ತ. ಅವನು ದ್ವೀಪದವನೋ, ಹೊರಗಿನಿಂದ ವರ್ಗವಾಗಿ ಬಂದವನೋ? ಅಜ್ಜಿಯ ಅರ್ಜಿ ಯಾರ ಭಾಷೆಯಲ್ಲಿದೆ? ಅವಳ ಪರ ಮಾತಾಡಲು ಚುನಾಯಿತರು ಯಾರಾದರೂ ಇದ್ದಾರೆಯೇ? ಇಷ್ಟು ತೀರ್ಮಾನಿಸಿಕೊಂಡು ಮುಂದಿನ ಅಧ್ಯಾಯಕ್ಕೆ ಕೂರಿ.